ಇಬ್ಬರಿಗೂ ಒಂದೊಂದು ನೀಲಿ ಪುಸ್ತಕ

ಗಂಡ ಹೆಂಡತಿ ಇಬ್ಬರೂ ಹೊರದೇಶದಲ್ಲಿ ಇಂಗ್ಲಿಷ್ ಕಲಿಸಿಕೊಂಡು ಬದುಕುವ ಬಗ್ಗೆ ಕಳೆದ ತಿಂಗಳು ಈ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಜಾಸ್ತಿ ಕೇಳಿದ್ದು ಥಾಯ್ಲೆಂಡ್ ಬಗ್ಗೆಯೇ. ನಾನೂ ನಮ್ಮವರೂ 2013ರಿಂದ 2019ರವರೆಗೆ ಅಲ್ಲಿನ ಬುರಿರಾಮ್ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿದ್ದೆವು. ಹಾಗಾಗಿ ಈ ಸಲದ ಜಾಗವೆಲ್ಲ ಆ ಪತ್ರಗಳಿಗೇ. ಹೆಸರು ಹಾಕಬೇಡಿ ಎಂದು ಹಲವರು ಕೇಳಿದ್ದೀರಿ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮದುವೆಯಾಗಿ ಒಂದು ವರ್ಷವಾಯಿತು. ನನ್ನ ಗಂಡನಿಗೆ ಥಾಯ್ಲೆಂಡಿನ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿದೆ. ನನಗೂ ಡಿಗ್ರಿ ಇದೆ, ಎರಡು ವರ್ಷ ಪಾಠ ಮಾಡಿದ ಅನುಭವವಿದೆ. ‘ಸದ್ಯಕ್ಕೆ ಹೆಂಡತಿ ಅಂತ ವೀಸಾ ಮಾಡಿಸಿಕೊಂಡು ಹೋಗಿ, ಅಲ್ಲಿ ಹೋದ ಮೇಲೆ ಕೆಲಸ ಸಿಕ್ಕೇ ಸಿಗುತ್ತೆ’ ಎನ್ನುತ್ತಾರೆ ಏಜೆಂಟ್. ಹೋಗಲೇ?

ಉತ್ತರ: ಸ್ವಲ್ಪ ತಡೆಯಿರಿ. ನಾನು ಹೋಗಿದ್ದು ಹಾಗೆಯೇ, ಅದಕ್ಕೇ ಹೇಳುತ್ತಿದ್ದೇನೆ.

ಕೆಲಸಕ್ಕೆ ಹೋಗುವವರಿಗೆ ಸಿಗುವುದು ನಾನ್ ಇಮಿಗ್ರೆಂಟ್ ‘ಬಿ’ ವೀಸಾ. ಜೊತೆಗೆ ಹೋಗುವ ಗಂಡನಿಗೋ ಹೆಂಡತಿಗೋ ಸಿಗುವುದು ‘ಓ’ ವೀಸಾ. ಕಾಗದದ ಮೇಲೆ ಒಂದು ಅಕ್ಷರದ ವ್ಯತ್ಯಾಸ. ಬದುಕಿನಲ್ಲಿ ತುಂಬ ದೊಡ್ಡದು. ‘ಬಿ’ ಇದ್ದವರಿಗೆ ವರ್ಕ್ ಪರ್ಮಿಟ್ ಬರುತ್ತದೆ. ನಾವಿದ್ದಾಗ ಅದು ನೀಲಿ ರಟ್ಟಿನ ಒಂದು ಸಣ್ಣ ಪುಸ್ತಕ. ‘ಓ’ ಇರುವವರ ವಾಸ ಇನ್ನೊಬ್ಬರ ಕೆಲಸಕ್ಕೆ ಕಟ್ಟಿಕೊಂಡಿರುತ್ತದೆ. ಅವರ ಕೆಲಸ ಹೋದರೆ ಇವರು ಅಲ್ಲಿರುವ ಅನುಮತಿಯೂ ಹೋಯಿತು.

ಮೊದಲ ವರ್ಷ ನಮ್ಮವರಿಗೆ ನೀಲಿ ಪುಸ್ತಕ ಇತ್ತು, ನನಗಿರಲಿಲ್ಲ. ಹೋದ ಎರಡನೇ ವಾರವೇ ಅವರ ಶಾಲೆಯಿಂದ ಮಾತು ಬಂತು. ‘ಮನೆಯಲ್ಲಿ ಸುಮ್ನೆ ಇರ್ತೀರಲ್ಲ, ಚಿಕ್ಕ ಮಕ್ಕಳಿಗೆ ಎರಡು ಪೀರಿಯಡ್ ಹಾಡು ಹೇಳಿಕೊಡಿ’ ಎಂದರು. ನಾನು ಖುಷಿಯಿಂದಲೇ ಹೋದೆ. ಎರಡು ಪೀರಿಯಡ್ ನಾಲ್ಕಾಯಿತು. ತಿಂಗಳ ಕೊನೆಗೆ ಒಂದು ಲಕೋಟೆಯಲ್ಲಿ ಸ್ವಲ್ಪ ದುಡ್ಡು ಕೊಟ್ಟರು. ಸಹಿ ಇಲ್ಲ, ರಸೀದಿ ಇಲ್ಲ. ಮೂರು ತಿಂಗಳಾದ ಮೇಲೆ ಅಲ್ಲಿನ ಒಬ್ಬ ಹಿರಿಯ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ವರ್ಕ್ ಪರ್ಮಿಟ್ ಇಲ್ಲದೆ ತರಗತಿಯಲ್ಲಿ ನಿಲ್ಲುವುದು ಅಪರಾಧ, ಸಂಬಳ ತಗೊಳ್ಳಲಿ ಬಿಡಲಿ. ಸಿಕ್ಕಿಬಿದ್ದರೆ ದಂಡ, ದೇಶ ಬಿಟ್ಟು ಕಳಿಸುವುದೂ ಉಂಟು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನದಿಂದ ಬರುವುದಿಲ್ಲ ಎಂದಾಗ ಶಾಲೆಯವರು ಮುಖ ಗಂಟು ಹಾಕಿಕೊಂಡರು. ತಪ್ಪು ಮಾಡಿಸಿದವರು ಅವರು, ಕ್ಷಮೆ ಕೇಳಿದ್ದು ನಾನು.

ಆಮೇಲಿನ ಐದು ತಿಂಗಳು ಮನೆಯಲ್ಲಿದ್ದೆ. ಅಲ್ಲಿ ಬೆಳಿಗ್ಗೆ 8 ಗಂಟೆಗೆ ಎಲ್ಲ ಶಾಲೆಗಳಲ್ಲೂ ಬಾವುಟ ಏರಿಸಿ ರಾಷ್ಟ್ರಗೀತೆ ಹಾಡುತ್ತಾರೆ. ಆ ಸ್ಪೀಕರಿನ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಕೈಯಲ್ಲಿ ಪಾತ್ರೆ ಹಿಡಿದುಕೊಂಡೇ ನಿಂತು ಕೇಳುತ್ತಿದ್ದೆ. ವರ್ಕ್ ಪರ್ಮಿಟ್ ಇಲ್ಲ ಎಂದು ಬ್ಯಾಂಕಿನವರು ಖಾತೆ ತೆರೆಯಲಿಲ್ಲ. ಸೋಪು ತರಲಿಕ್ಕೂ ನಮ್ಮವರ ಹತ್ತಿರ ಕೇಳಬೇಕು. ಅವರು ಒಂದು ದಿನವೂ ಯಾಕೆ ಎನ್ನಲಿಲ್ಲ. ಆದರೂ ಕೇಳುವುದು ಕೇಳುವುದೇ ಅಲ್ವಾ?

ಮುಂದಿನ ವರ್ಷ 25 ಕಿಲೋಮೀಟರ್ ದೂರದ ಇನ್ನೊಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಅವರ ಪತ್ರ ಹಿಡಿದುಕೊಂಡು ಲಾವೋಸಿನ ವಿಯೆಂಟಿಯಾನ್‌ಗೆ ಹೋಗಿ, ಅಲ್ಲಿನ ಥಾಯ್ ರಾಯಭಾರ ಕಚೇರಿಯಲ್ಲಿ ‘ಬಿ’ ವೀಸಾ ಮಾಡಿಸಿಕೊಂಡು ಬಂದೆ. ನನ್ನ ಫೋಟೋ ಅಂಟಿಸಿದ ನೀಲಿ ಪುಸ್ತಕ ಕೈಗೆ ಬಂದ ದಿನ ಅದನ್ನು ಎಷ್ಟು ಸಲ ತೆರೆದು ನೋಡಿದೆನೋ ಲೆಕ್ಕವಿಲ್ಲ.

ಆದ್ದರಿಂದ ಈಗಲೇ ಗಂಡನ ಶಾಲೆಗೆ ಬರೆದು ಎರಡನೇ ಹುದ್ದೆ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಅದೇ ಪ್ರಾಂತ್ಯದ ಬೇರೆ ಶಾಲೆಗಳಿಗೆ ಅರ್ಜಿ ಹಾಕಿ. ಶಾಲೆ ಶುರುವಾಗುವುದು ಮೇ ಮಧ್ಯದಲ್ಲಿ, ಹಾಗಾಗಿ ಅದಕ್ಕೆ ಹಿಂದಿನ ಎರಡು ಮೂರು ತಿಂಗಳಲ್ಲಿ ಹುಡುಕಾಟ ಜೋರಾಗಿರುತ್ತದೆ. ಡಿಗ್ರಿ ಸರ್ಟಿಫಿಕೇಟ್, ಅಂಕಪಟ್ಟಿ, ಪೊಲೀಸ್ ಕ್ಲಿಯರೆನ್ಸ್, ಮದುವೆ ನೋಂದಣಿ ಪತ್ರ, ಇವನ್ನು ಇಬ್ಬರದೂ ಬೇರೆ ಬೇರೆ ಫೈಲ್ ಮಾಡಿ ದೃಢೀಕರಣ ಮಾಡಿಸಿಡಿ. ನಮ್ಮಿಬ್ಬರ ಶಾಲೆಗಳೂ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 990ಕ್ಕೆ ಕನಿಷ್ಠ 600 ಅಂಕ ಕೇಳಿದ್ದವು. ಅದನ್ನು ಇಲ್ಲೇ ಬರೆದು ಮುಗಿಸಿಕೊಳ್ಳಿ. ಅಲ್ಲಿ ಶಿಕ್ಷಕರ ಪರವಾನಗಿ ಕೊಡುವ ಸಂಸ್ಥೆಯ ಹೆಸರು ‘ಖುರುಸಫಾ’. ಬಾಯಲ್ಲಿ ಎರಡು ಸಲ ಹೇಳಿ ನೋಡಿ, ಅದು ನಮ್ಮ ‘ಗುರುಸಭಾ’.

ಎರಡನೇ ಹುದ್ದೆ ಸಿಗದೆ ‘ಓ’ ವೀಸಾದಲ್ಲೇ ಹೋಗಬೇಕಾಗಿ ಬಂದರೆ ಒಂದೇ ಟರ್ಮ್ ಎಂದು ಇಬ್ಬರೂ ಕೂತು ಮಾತಾಡಿ, ತಾರೀಕು ಹಾಕಿಕೊಂಡು ಹೋಗಿ. ‘ಸ್ವಲ್ಪ ಸಹಾಯ ಮಾಡಿ’ ಎಂದು ಯಾರು ಕರೆದರೂ ತರಗತಿಯೊಳಗೆ ಕಾಲಿಡಬೇಡಿ.

ಪ್ರಶ್ನೆ: ‘ಇಂಗ್ಲಿಷ್ ಮಾತೃಭಾಷೆಯವರು ಮಾತ್ರ’ ಎಂದೇ ಹೆಚ್ಚಿನ ಜಾಹೀರಾತುಗಳಲ್ಲಿ ಇರುತ್ತದೆ. ನಮ್ಮ ಉಚ್ಚಾರಣೆ ಕೇಳಿ ಮಕ್ಕಳು ನಗುವುದಿಲ್ಲವೇ?

ಉತ್ತರ: ಮಕ್ಕಳು ನಗುವುದಿಲ್ಲ. ಸಂಬಳದ ಚೀಟಿ ನೋಡಿದಾಗ ನಮಗೆ ಅಳು ಬರುತ್ತದೆ, ಅದು ನಿಜ. ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಹುಡುಗ ಅದಕ್ಕೆ ಮುಂಚೆ ಒಂದು ದಿನವೂ ಪಾಠ ಮಾಡಿದವನಲ್ಲ. ಒಳ್ಳೆಯ ಹುಡುಗ. ಅವನ ಪಾಸ್‌ಪೋರ್ಟಿನಿಂದಾಗಿ ಅವನಿಗೆ ಅಲ್ಲಿನ ದುಡ್ಡಿನಲ್ಲಿ ತಿಂಗಳಿಗೆ 35,000 ಬಾತ್, ಐದು ವರ್ಷ ಪಾಠ ಮಾಡಿದ್ದ ನನಗೆ 22,000. ಇದು ಅನ್ಯಾಯ. ನಾನು ಅದನ್ನು ಅಲ್ಲೂ ಹೇಳಿದೆ, ಇಲ್ಲೂ ಹೇಳುತ್ತೇನೆ. ಎರಡನೇ ವರ್ಷದ ಒಪ್ಪಂದಕ್ಕೆ ಮೊದಲು ಮಕ್ಕಳ ಪರೀಕ್ಷೆಯ ಅಂಕಗಳನ್ನು ಮುಂದಿಟ್ಟು ಕೇಳಿದೆ, 27,000 ಕೊಟ್ಟರು. ಕೇಳದೆ ಕೊಡುತ್ತಿರಲಿಲ್ಲ. ಬ್ಯಾಂಕಾಕ್, ಚಿಯಾಂಗ್ ಮಾಯ್, ಫುಕೆಟ್‌ಗಳಲ್ಲಿ ಪೈಪೋಟಿ ಜಾಸ್ತಿ. ಈಶಾನ್ಯದ ಇಸಾನ್ ಭಾಗಕ್ಕೆ ಬನ್ನಿ, ಅಲ್ಲಿ ಟೀಚರ್‌ಗಳು ಬೇಕಾಗಿದ್ದಾರೆ.

ಇನ್ನು ಉಚ್ಚಾರಣೆ. ಇದರ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ಇಂಗ್ಲಿಷನ್ನು ಕಷ್ಟಪಟ್ಟು ಕಲಿತವರಿಗೆ ಕಲಿಯುವವರ ಬಾಯಿ ಎಲ್ಲಿ ತಡವರಿಸುತ್ತದೆ ಎಂದು ಗೊತ್ತಿರುತ್ತದೆ. ಕನ್ನಡದವರು ಇಂಗ್ಲಿಷ್ ಪದದ ಕೊನೆಗೆ ಒಂದು ಸ್ವರ ಸೇರಿಸುತ್ತೇವೆ, ಬಸ್ಸು, ಕಾರು, ಬೆಂಚು ಅಂತ. ಥಾಯ್ ಮಕ್ಕಳು ತದ್ವಿರುದ್ಧ, ಪದದ ಕೊನೆಯನ್ನು ನುಂಗುತ್ತಾರೆ. ಬಸ್ ಎಂಬುದು ‘ಬತ್’ ಆಗುತ್ತದೆ. ಅವರ ಭಾಷೆಯಲ್ಲಿ ಪದದ ಕೊನೆಗೆ ‘ಸ್’ ಬರುವುದಿಲ್ಲ, ‘ಲ್’ ಬಂದರೆ ಅದು ‘ನ್’ ಆಗುತ್ತದೆ. ಹಾಗಾಗಿ ಫುಟ್‌ಬಾಲ್ ‘ಫುತ್‌ಬಾನ್’. ಸ್ಕೂಲ್ ಎನ್ನಲು ನಮ್ಮ ಹಳ್ಳಿಯವರು ‘ಇಸ್ಕೂಲು’ ಎಂದು ಮುಂದೆ ಸ್ವರ ಸೇರಿಸಿದರೆ, ಅವರು ‘ಸಕೂನ್’ ಎಂದು ನಡುವೆ ಸೇರಿಸುತ್ತಾರೆ. ಇದು ಸೋಮಾರಿತನ ಅಲ್ಲ, ಬಾಯಿಯ ಅಭ್ಯಾಸ. ನನಗೆ ಇದು ಮೊದಲ ವಾರವೇ ಅರ್ಥವಾಯಿತು. ಪಕ್ಕದ ಮೇಜಿನ ಹುಡುಗ ಮಾತ್ರ ಮಕ್ಕಳು ಗಮನವಿಟ್ಟು ಕೇಳುತ್ತಿಲ್ಲ ಎಂದುಕೊಂಡಿದ್ದ.

ಪ್ರಶ್ನೆ: ಥಾಯ್ ಭಾಷೆ ಒಂದಕ್ಷರವೂ ಬಾರದೆ ಆ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ಹೇಗೆ?

ಉತ್ತರ: ತರಗತಿಯಲ್ಲಿ 40ರ ಮೇಲೆ ಮಕ್ಕಳಿರುತ್ತಾರೆ. ನೀವು ಒಳಗೆ ಬಂದ ಕೂಡಲೇ ಎಲ್ಲರೂ ಎದ್ದು ನಿಂತು ಒಂದೇ ರಾಗದಲ್ಲಿ ಗುಡ್ ಮಾರ್ನಿಂಗ್ ಹೇಳುತ್ತಾರೆ. ಹೇಗಿದ್ದೀರಿ ಎಂದು ಕೇಳಿದರೆ ‘ಐ ಆಮ್ ಫೈನ್, ಥ್ಯಾಂಕ್ ಯೂ, ಆಂಡ್ ಯೂ’ ಎನ್ನುತ್ತಾರೆ. ಜ್ವರ ಬಂದ ಮಗುವೂ ಅದನ್ನೇ ಹೇಳುತ್ತದೆ. ನಾನು ಮೊದಲು ಕಲಿಸಿದ್ದು ‘ನನಗೆ ಹಸಿವು’, ‘ನನಗೆ ನಿದ್ದೆ’ ಎನ್ನುವುದನ್ನು.

‘ಕ್ರೆಂಗ್‌ಚಾಯ್’ ಎಂಬ ಪದ ಕೇಳಿಟ್ಟುಕೊಳ್ಳಿ. ನಮ್ಮ ‘ಸಂಕೋಚ’ಕ್ಕೆ ಹತ್ತಿರದ್ದು, ಅದಕ್ಕಿಂತ ಆಳವಾದದ್ದು. ಇನ್ನೊಬ್ಬರಿಗೆ ತೊಂದರೆಯಾಗಬಾರದು, ಮುಜುಗರವಾಗಬಾರದು ಎಂಬ ಭಾವ. ಅರ್ಥವಾಯಿತೇ ಎಂದು ನೀವು ಕೇಳಿದರೆ ನಲವತ್ತೂ ತಲೆ ಆಡುತ್ತವೆ. ಅರ್ಥವಾಗಲಿಲ್ಲ ಎಂದರೆ ಟೀಚರ್‌ಗೆ ಬೇಜಾರಾದೀತು ಎಂಬ ಕಾಳಜಿ ಅದು. ಆದ್ದರಿಂದ ಆ ಪ್ರಶ್ನೆಯನ್ನೇ ಕೇಳಬೇಡಿ, ಮಾಡಿಸಿ ನೋಡಿ. ‘ಪೆನ್ನನ್ನು ಪುಸ್ತಕದ ಕೆಳಗೆ ಇಡು’ ಎನ್ನಿ. ಇಟ್ಟರೆ ಅರ್ಥವಾಗಿದೆ, ಪುಸ್ತಕದ ಮೇಲೆ ಇಟ್ಟರೆ ಇನ್ನೊಮ್ಮೆ ಹೇಳಿ.

ವಾಕ್ಯದಲ್ಲಿ ಪದಗಳ ಸಾಲು ಅವರಿಗೆ ನಮಗಿಂತ ಸುಲಭ. ನಾವು ‘ನಾನು ಅನ್ನ ತಿನ್ನುತ್ತೇನೆ’ ಎನ್ನುತ್ತೇವೆ, ಅವರು ಇಂಗ್ಲಿಷಿನ ಹಾಗೆ ‘ನಾನು ತಿನ್ನು ಅನ್ನ’ ಎಂಬ ಕ್ರಮದಲ್ಲೇ ಮಾತಾಡುವವರು. ಆದರೆ ಬಣ್ಣ, ಗಾತ್ರ ಹೇಳುವ ಪದ ಅಲ್ಲಿ ವಸ್ತುವಿನ ನಂತರ ಬರುತ್ತದೆ. ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ‘ನಿನ್ನೆ ನಾನು ಹೋಗು’ ಎಂದರೆ ಅವರಿಗೆ ಪೂರ್ತಿ ಸರಿಯಾದ ಮಾತು. ನಾನು ಭೂತಕಾಲಕ್ಕೆ ಒಂದಿಡೀ ಟರ್ಮ್ ಕೊಟ್ಟೆ. ಪಠ್ಯ ಹಿಂದೆ ಬಿತ್ತು. ಬೀಳಲಿ ಎಂದು ಬಿಟ್ಟೆ.

ನೀವೂ ಥಾಯ್ ಕಲಿಯಿರಿ. ಕನ್ನಡ ಬಲ್ಲವರಿಗೆ ಒಂದು ಲಾಭವಿದೆ. ಥಾಯ್ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡರೆ ಹ್ರಸ್ವ, ದೀರ್ಘ ಗೊತ್ತಾಗದು. ಕನ್ನಡದಲ್ಲಿ ಬರೆಯಿರಿ. ತ, ಥ, ಪ, ಫ ಬೇರೆ ಬೇರೆ ಉಳಿಯುತ್ತವೆ. ಎ, ಏ, ಒ, ಓ ಎಲ್ಲಕ್ಕೂ ನಮ್ಮಲ್ಲಿ ಅಕ್ಷರವಿದೆ, ಅವರಲ್ಲೂ ಆ ಸ್ವರಗಳಿವೆ. ಐದು ಬಗೆಯ ದನಿಯ ಏರಿಳಿತಕ್ಕೆ ಮಾತ್ರ ನಮ್ಮಲ್ಲಿ ಗುರುತಿಲ್ಲ. ನಾನು ಅಕ್ಷರದ ತಲೆಯ ಮೇಲೆ ಪೆನ್ಸಿಲ್‌ನಿಂದ ಬಾಣ ಎಳೆದುಕೊಳ್ಳುತ್ತಿದ್ದೆ. ಜೊತೆಗೆ ಸಂಸ್ಕೃತ, ಪಾಳಿಯಿಂದ ಹೋದ ಪದಗಳು ರಾಶಿ ಇವೆ. ಭಾಷೆ ‘ಫಾಸಾ’, ಆಹಾರ ‘ಆಹಾನ್’, ಆಚಾರ್ಯ ‘ಆಚಾನ್’. ಕೊನೆಯ ಅಕ್ಷರ ಹೇಗೆ ‘ನ್’ ಆಯಿತು ನೋಡಿದಿರಾ? ಫುತ್‌ಬಾನ್ ಆದದ್ದೂ ಅದೇ ದಾರಿಯಲ್ಲಿ.

ಪ್ರಶ್ನೆ: ನಾವಿಬ್ಬರೂ ಎಂಟು ತಿಂಗಳಿಂದ ಥಾಯ್ಲೆಂಡಿನ ಒಂದೇ ಶಾಲೆಯಲ್ಲಿ ಕಲಿಸುತ್ತಿದ್ದೇವೆ. ಒಂದೇ ಸ್ಟಾಫ್ ರೂಮ್, ಒಂದೇ ಬೈಕ್, ಒಂದೇ ಕೋಣೆಯ ಮನೆ. ಊರಿನಲ್ಲಿದ್ದಾಗ ಜಗಳವೇ ಆಡದವರು ಈಗ ದಿನಾ ಆಡುತ್ತಿದ್ದೇವೆ. ಮದುವೆಯೇ ತಪ್ಪಾಯಿತೇ ಅನಿಸುತ್ತಿದೆ.

ಉತ್ತರ: ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ. ಮದುವೆಯ ಬಗ್ಗೆ ಏನನ್ನೂ ಈಗ ತೀರ್ಮಾನಿಸಬೇಡಿ. ಮೊದಲು ಟೈಮ್ ಟೇಬಲ್ ನೋಡಿ.

ನಾಲ್ಕನೇ ವರ್ಷ ಪೆಟ್ರೋಲ್ ಉಳಿಯುತ್ತದೆ ಎಂದು ನಮ್ಮವರು ನನ್ನ ಶಾಲೆಗೇ ಸೇರಿದರು. ಆರು ವರ್ಷದಲ್ಲಿ ನಾವು ಅತಿ ಕಡಿಮೆ ಮಾತಾಡಿದ್ದು ಆ ವರ್ಷ. ಸಂಜೆ ಹೇಳಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. ನಾನು ಕಂಡಿದ್ದೆಲ್ಲ ಅವರೂ ಕಂಡಿರುತ್ತಿದ್ದರು. ಅವರಿಗೆ ಯಾರಾದರೂ ಏನಾದರೂ ಅಂದರೆ ನಾನೂ ತಲೆ ತಗ್ಗಿಸಿ ಕೂರಬೇಕಿತ್ತು. ಆ ಊರಿನಲ್ಲಿ ಕನ್ನಡ ಇದ್ದಿದ್ದು ನಮ್ಮಿಬ್ಬರ ನಡುವೆ ಮಾತ್ರ. ಹಾಗಾಗಿ ಯಾರ ಮೇಲೆ ಸಿಟ್ಟು ಬಂದರೂ ಅದು ಹೊರಗೆ ಬರುವುದು ಇನ್ನೊಬ್ಬರ ಮುಂದೆ, ಇನ್ನೊಬ್ಬರ ಮೇಲೆ.

ಇನ್ನೊಂದು ವಿಷಯವಿದೆ, ಇದನ್ನು ಜನ ಗಮನಿಸುವುದಿಲ್ಲ. ಜೋಡಿಯಲ್ಲಿ ಒಬ್ಬರು ಅಲ್ಲಿನ ಭಾಷೆ ಬೇಗ ಕಲಿಯುತ್ತಾರೆ, ಇನ್ನೊಬ್ಬರು ಅವರಿಗೆ ಅಂಟಿಕೊಳ್ಳುತ್ತಾರೆ. ಮನೆಯಲ್ಲಿದ್ದ ಐದು ತಿಂಗಳಲ್ಲಿ ನಾನು ಪಕ್ಕದ ಮನೆಯವರಿಂದ ಥಾಯ್ ಕಲಿತಿದ್ದೆ. ಆಸ್ಪತ್ರೆಗೆ, ಮನೆ ಮಾಲೀಕರ ಹತ್ತಿರಕ್ಕೆ, 90 ದಿನಕ್ಕೊಮ್ಮೆ ವಿಳಾಸ ತಿಳಿಸಲು ಇಮಿಗ್ರೇಶನ್ ಕಚೇರಿಗೆ, ಎಲ್ಲ ಕಡೆ ನಾನೇ ಅವರ ಬಾಯಿಯಾದೆ. ಹಲ್ಲುನೋವು ಎಂದು ಹೇಳಲೂ ಹೆಂಡತಿ ಬೇಕು ಎಂಬುದು ಅವರಿಗೆ ಚುಚ್ಚುತ್ತಿತ್ತು, ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನನಗೆ ಸುಸ್ತಾಗುತ್ತಿತ್ತು, ನಾನೂ ಹೇಳುತ್ತಿರಲಿಲ್ಲ. ಒಂದು ದಿನ ಜ್ವರ ಬಂದು ಮಲಗಿದ್ದಾಗ ಇಮಿಗ್ರೇಶನ್ ಕೆಲಸಕ್ಕೆ ಅವರೊಬ್ಬರೇ ಹೋದರು. ಅರ್ಧ ದಿನ ಹಿಡಿಯಿತು. ರಸೀದಿ ತಂದು ನನ್ನ ದಿಂಬಿನ ಪಕ್ಕ ಇಟ್ಟರು. ಆಮೇಲೆ ತಮ್ಮ ಕೆಲಸಕ್ಕೆ ತಾವೇ ಹೋಗತೊಡಗಿದರು.

ಐದನೇ ವರ್ಷ ಅವರು ಬೇರೆ ಶಾಲೆ ಹಿಡಿದರು. ವರ್ಕ್ ಪರ್ಮಿಟ್ ಒಂದು ಶಾಲೆಗೆ ಮಾತ್ರ ಸಲ್ಲುವಂಥದ್ದು. ಶಾಲೆ ಬದಲಿಸಿದರೆ ಹಳೆಯದನ್ನು ರದ್ದು ಮಾಡಿಸಿ ಹೊಸದು ಮಾಡಿಸಬೇಕು. ಅದನ್ನು ಟರ್ಮ್ ಮುಗಿದಾಗಲೇ ಮಾಡಿ, ಎರಡು ಶಾಲೆಗಳ ತಾರೀಕನ್ನೂ ಹೊಂದಿಸಿಕೊಳ್ಳಿ. ಶಾಲೆ ಬದಲಿಸಲು ಆಗದಿದ್ದರೆ ಒಬ್ಬರು ಪ್ರೈಮರಿಗೆ, ಒಬ್ಬರು ಹೈಸ್ಕೂಲಿಗೆ ಹೋಗುವ ಹಾಗೆ ಕೇಳಿಕೊಳ್ಳಿ. ಇನ್ನೊಂದು ಸೆಕೆಂಡ್ ಹ್ಯಾಂಡ್ ಬೈಕ್ ತಗೊಳ್ಳಿ, ಇದು ದುಂದಲ್ಲ. ಸಂಜೆ ಬೇರೆ ಬೇರೆ ಜನರ ಜೊತೆ ಕಳೆಯಿರಿ. ನಮ್ಮವರು ಅಲ್ಲಿನ ಮೇಷ್ಟ್ರುಗಳ ಜೊತೆ ತಕ್ರೋ ಆಡಲು ಹೋಗುತ್ತಿದ್ದರು, ಬೆತ್ತದ ಚೆಂಡನ್ನು ಕಾಲಿನಲ್ಲಿ ಒದೆಯುವ ಆಟ. ನಾನು ಪಕ್ಕದ ಮನೆಯಾಕೆಯ ಮಗ್ಗದ ಹತ್ತಿರ ಕೂರುತ್ತಿದ್ದೆ. ಅವರು ಮತ್‌ಮೀ ರೇಷ್ಮೆ ನೇಯುತ್ತಿದ್ದರು. ನೂಲನ್ನು ಅಲ್ಲಲ್ಲಿ ಬಿಗಿಯಾಗಿ ಕಟ್ಟಿ ಬಣ್ಣದಲ್ಲಿ ಅದ್ದುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಮನೆಗೆ ಬಂದಾಗ ಇಬ್ಬರ ಹತ್ತಿರವೂ ಹೇಳಲು ಏನೋ ಇರುತ್ತಿತ್ತು.

ಎರಡು ತಿಂಗಳು ಹೀಗೆ ಮಾಡಿ, ಮತ್ತೆ ಬರೆಯಿರಿ. ನಾನು ಕಾಯುತ್ತೇನೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಬದುಕಲು ಸಾಧ್ಯವೇ?

ಉತ್ತರ: ಸಾಧ್ಯ. ‘ಮಾಂಸ ಬೇಡ’ ಎಂದರೆ ಸಾಲದು, ಮೀನಿನ ಸಾರದ ‘ನಾಮ್ ಪ್ಲಾ’ ಬಹಳಷ್ಟು ಅಡುಗೆಗಳಲ್ಲಿರುತ್ತದೆ. ‘ಜೇ’ ಎಂದು ಕೇಳಿ. ಹಳದಿ ಬಾವುಟದ ಮೇಲೆ ಕೆಂಪಿನಲ್ಲಿ ಆ ಅಕ್ಷರವಿರುವ ಅಂಗಡಿಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು, ಬೆಳ್ಳುಳ್ಳಿ ಏನೂ ಇರುವುದಿಲ್ಲ. ಸಣ್ಣ ಊರಿನಲ್ಲಿ ಮನೆಯಲ್ಲೇ ಅಡುಗೆ ಮಾಡಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಕಲಿಸುವುದರ ಜೊತೆ ಸುತ್ತಾಡಲು ಸಮಯ, ದುಡ್ಡು ಉಳಿಯುತ್ತದೆಯೇ? ಎಲ್ಲೆಲ್ಲಿ ಹೋದಿರಿ?

ಉತ್ತರ: ಸಮಯ ಧಾರಾಳ. ಅಕ್ಟೋಬರ್‌ನಲ್ಲಿ ಸುಮಾರು ಮೂರು ವಾರ ರಜೆ, ಮಾರ್ಚ್‌ನಿಂದ ಮೇ ಮಧ್ಯದವರೆಗೆ ದೊಡ್ಡ ರಜೆ. ಆದರೆ ಒಪ್ಪಂದ 12 ತಿಂಗಳದ್ದೋ 10 ತಿಂಗಳದ್ದೋ ನೋಡಿಕೊಂಡೇ ಸಹಿ ಹಾಕಿ. ಹತ್ತು ತಿಂಗಳದ್ದಾದರೆ ರಜೆಯಲ್ಲಿ ಸಂಬಳವಿಲ್ಲ. ನಮ್ಮ ಮನೆ ಬಾಡಿಗೆ 4,500 ಬಾತ್ ಇತ್ತು. ಒಬ್ಬರ ಸಂಬಳದಲ್ಲಿ ಮನೆ ನಡೆಸಿ, ಇನ್ನೊಬ್ಬರದರಲ್ಲಿ ಅರ್ಧ ಉಳಿಸಿ, ಅರ್ಧದಲ್ಲಿ ಸುತ್ತುತ್ತಿದ್ದೆವು.

ದೂರದ ಸಮುದ್ರ ತೀರಗಳ ಬಗ್ಗೆ ಬೇರೆಯವರು ಬರೆದಿದ್ದಾರೆ. ನಾನು ಹತ್ತಿರದ್ದನ್ನು ಹೇಳುತ್ತೇನೆ. ಬುರಿರಾಮ್‌ನಲ್ಲಿ ಆರಿದ ಜ್ವಾಲಾಮುಖಿಯ ಮೇಲೆ ಫನೋಮ್ ರುಂಗ್ ಎಂಬ ಶಿವನ ಗುಡಿ ಇದೆ. 10ರಿಂದ 13ನೇ ಶತಮಾನದ ನಡುವೆ ಕಾಂಬೋಡಿಯಾ ಕಡೆಯ ಖಮೇರರು ಕಟ್ಟಿದ್ದು. ಗುಡಿಯ 15 ಬಾಗಿಲುಗಳು ಒಂದೇ ಸಾಲಿನಲ್ಲಿವೆ. ವರ್ಷದಲ್ಲಿ ನಾಲ್ಕು ಸಲ, ಕೆಲವೇ ದಿನ, ಹುಟ್ಟುವ ಅಥವಾ ಮುಳುಗುವ ಸೂರ್ಯ ಅಷ್ಟೂ ಬಾಗಿಲುಗಳ ಮೂಲಕ ನೇರವಾಗಿ ಕಾಣುತ್ತಾನೆ. ಏಪ್ರಿಲ್ ಮೊದಲ ವಾರದ ಒಂದು ಬೆಳಿಗ್ಗೆ, ಇನ್ನೂ ಕತ್ತಲಿರುವಾಗಲೇ ಬೈಕಿನಲ್ಲಿ ಹೊರಟೆವು. ಮೊದಲ ವರ್ಷ ಮೋಡ, ಏನೂ ಕಾಣಲಿಲ್ಲ. ಎರಡನೇ ವರ್ಷ ಕಂಡಿತು. ಅಲ್ಲಿನ ಒಂದು ಬಾಗಿಲ ಮೇಲೆ ಶೇಷಶಾಯಿ ವಿಷ್ಣುವಿನ ಕೆತ್ತನೆಯ ಕಲ್ಲು ಇದೆ. 1960ರ ದಶಕದಲ್ಲಿ ಅದು ಕಳುವಾಗಿ, ಅಮೆರಿಕದ ಶಿಕಾಗೋದ ಕಲಾ ಸಂಗ್ರಹಾಲಯದಲ್ಲಿ ಪತ್ತೆಯಾಗಿ, 1988ರಲ್ಲಿ ವಾಪಸ್ ಬಂತು. ನನ್ನ ವಿದ್ಯಾರ್ಥಿಗಳ ಅಜ್ಜ ಅಜ್ಜಿಯರು ಆ ಕಥೆಯನ್ನು ಮನೆಮಗಳು ತವರಿಗೆ ಬಂದ ಹಾಗೆ ಹೇಳುತ್ತಿದ್ದರು.

ಇನ್ನೊಂದು, ನಮ್ಮ ಪ್ರಾಂತ್ಯದಲ್ಲಿ ಹರಿಯುವ ಮೂನ್ ನದಿಯ ಹಿಂದೆಯೇ ಹೋಗಿದ್ದು. ರೈಲಿನಲ್ಲಿ ಉಬೋನ್‌ಗೆ, ಅಲ್ಲಿಂದ ಬಸ್ಸಿನಲ್ಲಿ ಖೋಂಗ್ ಚಿಯಾಮ್‌ಗೆ. ಅಲ್ಲಿ ಮೂನ್ ಹೋಗಿ ಮೆಕಾಂಗ್ ಸೇರುತ್ತದೆ. ಒಂದರ ನೀರು ಮಣ್ಣಿನ ಬಣ್ಣ, ಇನ್ನೊಂದರದು ನೀಲಿ ಕಡೆಗೆ. ಸೇರಿದ ಮೇಲೂ ಸ್ವಲ್ಪ ದೂರ ಬೇರೆ ಬೇರೆಯೇ ಕಾಣುತ್ತವೆ. ಮೂರನೇ ದರ್ಜೆಯ ಫ್ಯಾನ್ ಬೋಗಿಯಲ್ಲೇ ಹೋಗಿ, ಕಿಟಕಿ ತೆರೆದಿರುತ್ತದೆ.

ಲಾವೋಸ್, ಕಾಂಬೋಡಿಯಾ ಕಡೆ ಹೋಗುವವರು ಒಂದನ್ನು ಮರೆಯಬೇಡಿ. ದೇಶ ಬಿಡುವ ಮುಂಚೆ ರೀ ಎಂಟ್ರಿ ಪರ್ಮಿಟ್, ಅಂದರೆ ವಾಪಸ್ ಒಳಗೆ ಬರುವ ಅನುಮತಿ, ಮಾಡಿಸಲೇಬೇಕು. ಒಂದು ಸಲಕ್ಕೆ 1,000 ಬಾತ್, ಹಲವು ಸಲಕ್ಕೆ 3,800 ಬಾತ್ ಇತ್ತು. ಇಲ್ಲದೆ ಗಡಿ ದಾಟಿದರೆ ವರ್ಷಕ್ಕೆ ಸಿಕ್ಕಿದ ವಾಸದ ಅನುಮತಿ ಅಲ್ಲಿಗೇ ರದ್ದು. ಇದೂ ಇಬ್ಬರಿಗೂ ಬೇರೆ ಬೇರೆ. ನಮ್ಮ ಶಾಲೆಯ ಒಬ್ಬರು ಹೆಂಡತಿಗೆ ಮಾಡಿಸಲು ಮರೆತು, ಲಾವೋಸ್ ಗಡಿಯ ನೋಂಗ್ ಖಾಯ್ ಸೇತುವೆ ದಾಟಿ ಹೋಗಿ, ಆಕೆಯ ವೀಸಾವನ್ನು ಮೊದಲಿನಿಂದ ಶುರು ಮಾಡಬೇಕಾಯಿತು.

ಪ್ರಶ್ನೆ: ಜೂನ್‌ನಲ್ಲಿ ‘ವಾಯ್ ಖ್ರೂ’ ಇದೆ, ಬನ್ನಿ ಎಂದು ಹೊಸ ಶಾಲೆಯವರು ಹೇಳಿದ್ದಾರೆ. ನಾನು ಏನು ಮಾಡಬೇಕು?

ಉತ್ತರ: ಅದು ಗುರುವಂದನೆ. ‘ಖ್ರೂ’ ಎಂದರೆ ಗುರು. ಸಾಮಾನ್ಯವಾಗಿ ಗುರುವಾರವೇ ಮಾಡುತ್ತಾರೆ. ಮಕ್ಕಳು ಮಂಡಿಯೂರಿ ಬಂದು ಹೂವಿನ ತಟ್ಟೆ ಕೊಡುತ್ತಾರೆ. ಅದರಲ್ಲಿ ಗರಿಕೆ, ಕೇಪಳದ ಹೂ, ಬದನೆ ಹೂ ಇರುತ್ತದೆ. ಗರಿಕೆ ತುಳಿದರೂ ಹಬ್ಬುತ್ತದೆ, ಕೇಪಳದ ಮೊಗ್ಗು ಸೂಜಿಯಂತೆ ಚೂಪು, ಬದನೆ ಹೂ ತಲೆ ಬಾಗಿಸಿಕೊಂಡಿರುತ್ತದೆ. ವಿದ್ಯೆ ಹೀಗಿರಬೇಕು ಎಂದು ಅವರು ಅರ್ಥ ಹೇಳುತ್ತಾರೆ. ನೀವು ಕುರ್ಚಿಯಲ್ಲಿ ಕೂತು ಎರಡೂ ಕೈಯಲ್ಲಿ ತಗೊಳ್ಳಿ. ಅವರು ಕೈಮುಗಿದ ಮೇಲೆ ನೀವೂ ಸ್ವಲ್ಪ ಕೈಮುಗಿಯಿರಿ. ಮಗುವಿನ ತಲೆ ಮುಟ್ಟಿ ಆಶೀರ್ವಾದ ಮಾಡಬೇಡಿ, ಅಲ್ಲಿ ತಲೆ ಮುಟ್ಟುವುದು ಸರಿಯಲ್ಲ. ಸಾಲು ಉದ್ದ ಇರುತ್ತದೆ, ನೀರು ಕುಡಿದು ಹೋಗಿ.